ಹಣ್ಣು ತಿನ್ನದ ಅಳಿಯ

ನೆಬೀಸ ಕೊಟ್ಟ ಮಾವಿನ ಹೋಳನ್ನು ಕಲಂದರ್ ಬಾಯಿಯವರೆಗೆ ಒಯ್ದ. ಅತ್ತೆ ಆಚೆ ತಿರುಗಿದ್ದೇ ತಡ, ಅದನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸಿದ. ಯಾರೂ ನೋಡಲಿಲ್ಲ ಎಂದುಕೊಂಡ.

ನೆಬೀಸ ನೋಡಿದ್ದಳು.

ಊಟ ಮುಗಿಯುವ ಹೊತ್ತಿಗೆ ಅವನ ಬಿಳಿ ಅಂಗಿಯ ಎದೆಯ ಮೇಲೆ ಹಳದಿ ಕಲೆಯೊಂದು ನಿಧಾನವಾಗಿ ಅರಳತೊಡಗಿತ್ತು. ಅವನು ಕೈ ಅಡ್ಡ ಹಿಡಿದ. ಅವಳು ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿ ನಗು ತಡೆದಳು. ಆ ಕಣ್ಣುಗಳಲ್ಲಿ ಕುತೂಹಲ, ತುಂಟತನ, ಸ್ವಲ್ಪ ನೋವು ಎಲ್ಲ ಒಟ್ಟಿಗೇ ಇದ್ದವು.

"ಜೇಬಿನಲ್ಲಿ ಎಂತ ಉಂಟು?" ಕೋಣೆಗೆ ಬಂದ ಮೇಲೆ ಕೇಳಿದಳು.

"ಎಂತದೂ ಇಲ್ಲ."

"ಎಂತದೂ ಇಲ್ಲದ್ದು ಸೋರುತ್ತಾ ಉಂಟಲ್ಲ?"

ಅವನ ಕಿವಿ ಕೆಂಪಾಯಿತು. "ನನಗೆ ಹಣ್ಣು ಸೇರುದಿಲ್ಲ ನೆಬೀಸಾ. ನಿನ್ನ ಉಮ್ಮನಿಗೆ ಬೇಜಾರು ಆಗುದು ಬೇಡ ಅಂತ..."

"ಹಣ್ಣು ಸೇರದವರು ಹಣ್ಣಿನ ಅಂಗಡಿಯವರ ಮಗಳನ್ನು ಯಾಕೆ ಕಟ್ಟಿಕೊಂಡದ್ದು, ಮಾರಾಯ್ರೆ?" ಎನ್ನುತ್ತ ಅವಳೇ ಜೇಬಿಗೆ ಕೈ ಹಾಕಿದಳು. ನಜ್ಜುಗುಜ್ಜಾದ ಹೋಳನ್ನು ತೆಗೆದು, ಅವನನ್ನೇ ನೋಡುತ್ತ, ತಾನು ತಿಂದಳು. ಬೆರಳುಗಳನ್ನು ಒಂದೊಂದಾಗಿ ಚೀಪಿದಳು.

ಕಲಂದರ್ ಕಿಟಕಿಯ ಕಡೆ ತಿರುಗಿದ. ಬಾಯಲ್ಲಿ ನೀರೂರಿತ್ತು. ಮುಂಡಪ್ಪ ಮಾವು ಅವನಿಗೆ ಎಷ್ಟು ಇಷ್ಟ ಎಂದು ಹೇಳಿದರೆ ಅವಳು ನಂಬುತ್ತಿರಲಿಲ್ಲ.

ಅವರ ಮದುವೆಯಾಗಿ ಎರಡು ತಿಂಗಳಾಗಿತ್ತು. ಕರಾವಳಿಯ ಬ್ಯಾರಿ ಮುಸ್ಲಿಮರ ಪದ್ಧತಿಯಂತೆ ಹುಡುಗಿ ಇನ್ನೂ ತವರಿನಲ್ಲೇ ಇದ್ದಳು. ಪುತ್ತೂರಿನಾಚೆಯ ಸವಣೂರಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಕಲಂದರ್, ಗುರುವಾರ ಸಂಜೆ ಕೊನೆಯ ಬಸ್ಸು ಹಿಡಿದು ಕಬಕಕ್ಕೆ ಬರುತ್ತಿದ್ದ, ಶನಿವಾರ ಬೆಳಿಗ್ಗೆ ಹಿಂದಿರುಗುತ್ತಿದ್ದ. ಮಾವ ಇದಿನಬ್ಬರ ಹಣ್ಣಿನ ಅಂಗಡಿ ವಿಟ್ಲದ ರಸ್ತೆ ಕವಲೊಡೆಯುವಲ್ಲೇ ಇತ್ತು. ಅದರ ಹಿಂದೆಯೇ ಮನೆ.

ಆ ಮನೆಯ ಹಿಂದಿನ ಕಿಟಕಿಯಲ್ಲೇ ಅವನು ಅವಳನ್ನು ಮೊದಲು ಕಂಡದ್ದು. ಹಿಂದಿನ ಬೇಸಿಗೆಯಲ್ಲಿ ಮಂಗಳೂರಿಗೆ ಬಟ್ಟೆ ತರಲು ಹೋದಾಗಲೆಲ್ಲ ಅವನಿಗೆ ತಡೆಯಲಾರದ ಬಾಯಾರಿಕೆ. ಒಂದು ದಿನ ಕಬಕದಲ್ಲಿ ಇಳಿದು ಇದಿನಬ್ಬರ ಅಂಗಡಿಯಲ್ಲಿ ನೀರು ಕೇಳಿದ. ಒಂದು ಚೆಂಬು ಕುಡಿದ. ಇನ್ನೊಂದು ಕೇಳಿದ. ಮತ್ತೂ ಕೇಳಿದಾಗ ಕಿಟಕಿಯ ಹಿಂದಿನಿಂದ, "ಉಪ್ಪಾ, ಇವರಿಗೆ ಬಾವಿಯನ್ನೇ ತಂದು ಕೊಡ್ಲಾ?" ಎಂಬ ಸ್ವರ ಕೇಳಿತು. ಅವನು ತಲೆ ಎತ್ತಿದಾಗ ಎರಡು ದೊಡ್ಡ ಕಣ್ಣುಗಳು ತಟ್ಟನೆ ಮರೆಯಾದವು. ಆಮೇಲೆ ಅವನು ಪ್ರತಿ ವಾರ ಅಲ್ಲಿ ಇಳಿದ. ಬಟ್ಟೆ ಬೇಕಿಲ್ಲದ ವಾರವೂ ಇಳಿದ. ಹುಡುಗ ನೀರಿನ ನೆಪದಲ್ಲಿ ನೆಬೀಸಳನ್ನು ನೋಡಲು ಬರುತ್ತಾನೆಂದು ಕೇರಿಯಲ್ಲೆಲ್ಲ ಮಾತಾಯಿತು. ಮಾತು ಹಿರಿಯರವರೆಗೆ ಹೋಗಿ ನಿಶ್ಚಯವೂ ಆಯಿತು.

ನಿಶ್ಚಯವಾದ ಮೇಲೆ ಅವನು ಸೊರಗತೊಡಗಿದ. ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ. ಅವರು ಅವನ ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಕೆಂಪು ಬಂತು. "ಸಕ್ಕರೆ ಕಾಯಿಲೆ. ಈ ವಯಸ್ಸಿಗೇ ಬಂದಿದೆ," ಎಂದರು. ಮಾತ್ರೆ ಬರೆದರು. ಸಕ್ಕರೆ, ಬೆಲ್ಲ ಬಿಡಬೇಕು, ಅನ್ನ ಕಡಿಮೆ ಮಾಡಬೇಕು ಎಂದು ಹೇಳಿ, "ಇನ್ನು ಹಣ್ಣಿನ ವಿಷಯ..." ಎಂದು ಶುರು ಮಾಡುವಷ್ಟರಲ್ಲಿ ಸವಣೂರಿನ ಗುರುತಿನವರೊಬ್ಬರು ಬಾಗಿಲಲ್ಲಿ ಕಾಣಿಸಿಕೊಂಡರು. ಕಲಂದರ್ ಚೀಟಿಯನ್ನು ಮುಷ್ಟಿಯಲ್ಲಿ ಮುದುರಿ ಹೊರಗೆ ನಡೆದೇಬಿಟ್ಟ. ಹಣ್ಣಿನ ವಿಷಯ ಎಂದರೆ ಮತ್ತೇನಿರುತ್ತದೆ, ಸಿಹಿಯಾದದ್ದೆಲ್ಲ ವಿಷ ಎಂದು ತಾನೇ ತೀರ್ಮಾನಿಸಿಕೊಂಡ.

ನೆಬೀಸಳ ಮನೆಗೆ ಹೇಳಬೇಕಿತ್ತು. ಹೇಳಲೆಂದೇ ಒಮ್ಮೆ ಕಬಕದಲ್ಲಿ ಇಳಿದಿದ್ದ. ಆ ದಿನ ಅತ್ತೆಯಾಗುವ ಪಾತು, ಸತ್ತುಹೋದ ತನ್ನ ಅಣ್ಣನ ಸುದ್ದಿ ತೆಗೆದು ಅತ್ತಿದ್ದಳು. ಇದೇ ಕಾಯಿಲೆ. ಕಾಲು ಕೊಳೆತು, ಕಾಲು ತೆಗೆದು, ಆಮೇಲೆ ಜೀವವೂ ಹೋಯಿತು. "ವೈರಿಗೂ ಬೇಡ," ಎಂದಿದ್ದಳು. ಕಲಂದರ್ ನೀರು ಕುಡಿದು ಸುಮ್ಮನೆ ಹಿಂದಿರುಗಿದ್ದ. ಆ ಸುಮ್ಮನಿದ್ದದ್ದರ ಮೇಲೆಯೇ ನಿಕಾಹ್ ನಡೆಯಿತು.

ಈಗ ಪ್ರತಿ ವಾರ ಹೊಸದೊಂದು ಸುಳ್ಳು ಬೇಕಾಗುತ್ತಿತ್ತು. ಒಮ್ಮೆ ಹಲ್ಲುನೋವು, ಒಮ್ಮೆ ಹೊಟ್ಟೆ ಸರಿಯಿಲ್ಲ, ಒಮ್ಮೆ ಹರಕೆ. ಮಾತ್ರೆಯನ್ನು ಯಾರಾದರೂ ಕಂಡಾರೆಂದು ಕಬಕಕ್ಕೆ ತರುತ್ತಲೇ ಇರಲಿಲ್ಲ. ಪಾತು ಶರಬತ್ತು ಮಾಡಿ ತಂದರೆ ಒಂದು ಗುಟುಕು ಕುಡಿದಂತೆ ಮಾಡಿ ಲೋಟ ಕೆಳಗಿಡುತ್ತಿದ್ದ.

"ನಮ್ಮ ಮನೆಯದ್ದು ಅಳಿಯನಿಗೆ ಹಿಡಿಸುದಿಲ್ಲ ಕಾಣುತ್ತದೆ," ಎಂದು ಪಾತು ಅವನಿಗೆ ಕೇಳುವಂತೆಯೇ ಹೇಳತೊಡಗಿದಳು.

ನೆಬೀಸ ಮಾತ್ರ ಸೋಲಲಿಲ್ಲ. ಯಾವ ಹಣ್ಣು ಇಂದು ತಿನ್ನಬೇಕು, ಯಾವುದು ನಾಳೆಗೆ ಇರಲಿ ಎಂದು ಮೂಗಿನಿಂದಲೇ ಹೇಳುವವಳು ಅವಳು. ಅತ್ಯುತ್ತಮವಾದದ್ದನ್ನು ವಾರವಿಡೀ ಅಕ್ಕಿಯ ಮಡಕೆಯಲ್ಲಿ ಅವನಿಗಾಗಿ ಬಚ್ಚಿಡುತ್ತಿದ್ದಳು. "ಇದು ಹಣ್ಣಲ್ಲ, ಇದು ನಾನು ಅಂತ ಎಣಿಸಿ ತಿನ್ನಿ," ಎಂದು ಪಿಸುಗುಟ್ಟಿ ತಾನೇ ನಾಚಿ ಓಡುತ್ತಿದ್ದಳು.

ಒಂದು ಶುಕ್ರವಾರ ನೆಂಟರ ಹೆಂಗಸರು ಮನೆ ತುಂಬಿದ್ದರು. ಬಾಗಿಲ ಹಿಂದೆ ಕಿಸಿಕಿಸಿ ನಗು. "ಬಾಯಿಗೆ ಇಟ್ಟೇ ತಿನ್ನಿಸು ನೆಬೀಸಾ, ಆಗ ಬೇಡ ಅನ್ನುದು ಹೇಗೆ ಅಂತ ನೋಡುವ!" ಎಂದು ಯಾರೋ ಹುರಿದುಂಬಿಸಿದರು. ಅವಳು ಹಲಸಿನ ತೊಳೆಯೊಂದನ್ನು ಹಿಡಿದು ಬಂದಳು. ಮುಖವೆಲ್ಲ ಕೆಂಪು, ಆದರೂ ಕಣ್ಣು ತಗ್ಗಿಸಲಿಲ್ಲ. ತೊಳೆಯನ್ನು ಅವನ ತುಟಿಗೆ ತಾಗಿಸಿದಳು.

ಕಲಂದರ್ ಬಾಗಿಲ ಕಡೆ ನೋಡಿದ. ಬಾಗಿಲ ಸಂದಿಯಿಂದ ನೋಡುತ್ತಿರುವ ಅಷ್ಟೂ ಕಣ್ಣುಗಳ ಎದುರು ಏನು ಸುಳ್ಳು ಹೇಳಲಿ? ಯಾವುದೂ ಹೊಳೆಯಲಿಲ್ಲ. ಅವಳ ಕೈಯನ್ನು ರಪ್ಪನೆ ತಳ್ಳಿದ.

"ದೂರ ಇಡು! ನಿನ್ನ ಕೈಯಲ್ಲಿ ಯಾವಾಗ ನೋಡಿದರೂ ಹಣ್ಣಿನ ವಾಸನೆ. ಓಕರಿಕೆ ಬರುತ್ತದೆ ನನಗೆ."

ತೊಳೆ ಚಾಪೆಯ ಮೇಲೆ ಬಿತ್ತು. ಬಾಗಿಲ ಹಿಂದಿನ ನಗು ನಿಂತಿತು. ನೆಬೀಸ ಬಗ್ಗಿ ತೊಳೆಯನ್ನು ಹೆಕ್ಕಿಕೊಂಡಳು. ಕೈಯನ್ನು ತಲೆವಸ್ತ್ರದಲ್ಲಿ ಅಡಗಿಸಿಕೊಂಡು ಒಳಗೆ ಹೋದಳು.

ಮುಂದಿನ ವಾರ ಅವನು ಬಂದಾಗ ಅವಳು ಬಾಗಿಲಿಗೆ ಬರಲಿಲ್ಲ. ಮಧ್ಯಾಹ್ನ ಅಂಗಡಿಯ ಹಿಂದೆ ಕುಳಿತು ಹಣ್ಣು ಆರಿಸುವ ಜಾಗವೂ ಖಾಲಿ. "ಅವಳು ಈಗ ಹಣ್ಣು ಮುಟ್ಟುದೇ ಇಲ್ಲ. ತಿನ್ನುದೂ ಇಲ್ಲ," ಎಂದರು ಇದಿನಬ್ಬ, ಕಾರಣ ಗೊತ್ತಿಲ್ಲದವರಂತೆ. ಊಟದ ತಾಟು ತಂದಿಟ್ಟು ಅವಳು ಹಿಂದೆ ಸರಿಯುವಾಗ ಅವನಿಗೆ ಅವಳ ಕೈ ಕಂಡಿತು. ಬೂದಿ ಹಾಕಿ ಉಜ್ಜಿ ಉಜ್ಜಿ ಬೆರಳ ಗೆಣ್ಣುಗಳು ಬಿರಿದಿದ್ದವು. ಒಂದು ಕಡೆ ರಕ್ತ ಒಸರಿ ಒಣಗಿತ್ತು.

"ಕೈಗೆ ಎಂತ ಆಯಿತು?"

"ಎಂತದೂ ಇಲ್ಲ. ಈಗ ವಾಸನೆ ಉಂಟಾ?" ಅವಳು ನಿಜವಾಗಿಯೇ ಕೇಳುತ್ತಿದ್ದಳು. ವ್ಯಂಗ್ಯ ಇರಲಿಲ್ಲ.

ಕಲಂದರನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗಲಾದರೂ ಹೇಳಬಹುದಿತ್ತು. ಹೇಳುವ ಬದಲು ಅವನು ಒಂದು ಮೂರ್ಖ ಕೆಲಸ ಮಾಡಿದ. "ಹಣ್ಣು ತಾ. ಎಷ್ಟು ಉಂಟೋ ಅಷ್ಟೂ ತಾ," ಎಂದ. ತಂದಿಟ್ಟ ಮಾವನ್ನು ಒಂದರ ಹಿಂದೆ ಒಂದು ತಿಂದ. ಹಲಸು ತಿಂದ. ಪಾತುವಿನ ಶರಬತ್ತನ್ನು ಕೇಳಿ ಕೇಳಿ ಕುಡಿದ. ಪಾತು ಹಿಗ್ಗಿಹೋದಳು. ನೆಬೀಸ ಮಾತ್ರ ಗೋಡೆಗೆ ಒರಗಿ ನೋಡುತ್ತಿದ್ದಳು. ಅವನು ರುಚಿಗೆ ತಿನ್ನುತ್ತಿಲ್ಲ, ಶಿಕ್ಷೆಯಂತೆ ತಿನ್ನುತ್ತಿದ್ದಾನೆ ಎಂದು ಅವಳಿಗೆ ಹೇಗೋ ತಿಳಿಯಿತು.

"ಸಾಕು," ಎಂದಳು ಮೆಲ್ಲಗೆ. "ಸಾಕು, ಮಾರಾಯ್ರೆ."

ಶನಿವಾರ ಬೆಳಿಗ್ಗೆ ಅವನಿಗೆ ಏಳಲು ಆಗಲಿಲ್ಲ. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು, ಕಣ್ಣು ಮಂಜಾಗಿತ್ತು. ಎಷ್ಟು ನೀರು ಕುಡಿದರೂ ಸಾಲದು, ಎಷ್ಟು ಸಲ ಹಿತ್ತಿಲಿಗೆ ಹೋದರೂ ಮುಗಿಯದು. ಜಗಲಿಯಲ್ಲಿ ಕಂಬ ಹಿಡಿದು ಕುಳಿತಿದ್ದಾಗ ಹಿತ್ತಿಲಿನಿಂದ ಪಾತುವಿನ ಧ್ವನಿ ಬಂತು.

"ಇದೆಂತ ಇಷ್ಟು ಇರುವೆ! ಬಚ್ಚಲಿನ ಗೋಡೆಯ ಬುಡದಲ್ಲಿ ಯಾರು ಬೆಲ್ಲದ ನೀರು ಚೆಲ್ಲಿದ್ದು?"

ಸ್ವಲ್ಪ ಹೊತ್ತಿಗೆ ಪಾತು ಜಗಲಿಗೆ ಬಂದಳು. ಅಳಿಯನ ಒಣಗಿದ ತುಟಿಯನ್ನು ನೋಡಿದಳು, ಅವನ ಕೈಯಲ್ಲಿದ್ದ ಚೆಂಬನ್ನು ನೋಡಿದಳು. ಅಣ್ಣನ ಮನೆಯಲ್ಲೂ ಅವನು ಮೂತ್ರ ಮಾಡಿದಲ್ಲಿ ಅಂಥ ಇರುವೆಯ ಸಾಲು ಕಂಡಿದ್ದವಳು ಅವಳು. ಅವಳ ಮುಖದ ಬಣ್ಣ ಇಳಿದುಹೋಯಿತು. ಹಿಂದೆ ನೆಬೀಸ ನಿಂತಿದ್ದಳು.

ಕಲಂದರ್ ಚೆಂಬು ಕೆಳಗಿಟ್ಟ. ಚಪ್ಪಲಿ ಮೆಟ್ಟಿಕೊಳ್ಳಲೂ ಮರೆತು ರಸ್ತೆಗೆ ಇಳಿದು, ಬಂದ ಬಸ್ಸು ಹತ್ತಿದ. ಹಿಂದೆ ತಿರುಗಿ ನೋಡಲಿಲ್ಲ. ನೋಡುವ ಮುಖ ಅವನಲ್ಲಿ ಇರಲಿಲ್ಲ.

ಸವಣೂರಿಗೆ ಬಂದವನು ಮಾತ್ರೆ ನುಂಗಿ ಮಲಗಿದ. ಎದ್ದು ಓಡಾಡುವಂತಾದ ಮೇಲೆ ಅಂಗಡಿ ತೆರೆದ. ಆದರೆ ಗುರುವಾರ ಕಬಕಕ್ಕೆ ಹೋಗಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತು ಒಂದೇ ಅಂಗಿಯ ತೋಳನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದ. ಮದುವೆಯಿಂದ ಬಿಡುಗಡೆ ಕೇಳಿ ಇದಿನಬ್ಬರ ಕಡೆಯಿಂದ ಜನ ಬರುತ್ತಾರೆಂದು ಕಾಯುತ್ತಿದ್ದ. ಬಂದರೆ ಏನೂ ಎದುರು ಹೇಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದ.

ಬಂದದ್ದು ನೆಬೀಸ. ಮಟಮಟ ಮಧ್ಯಾಹ್ನ, ತಂದೆಯನ್ನು ರಸ್ತೆಯಾಚೆಯ ಮರದ ನೆರಳಿನಲ್ಲಿ ನಿಲ್ಲಿಸಿ, ಅಂಗಡಿಯ ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಅವನು ಎದ್ದು ನಿಂತ.

"ಉಪ್ಪ ಹೇಳಿದ್ದಾರೆ, ಬೇಡ ಅಂತಾದರೆ ಇವತ್ತೇ ಬಿಡಿಸಿಕೊಂಡು ಬರುವ ಅಂತ. ಉಮ್ಮ ಊಟ ಬಿಟ್ಟಿದ್ದಾರೆ."

"ಅವರು ಹೇಳಿದ್ದು ಸರಿ ಉಂಟು," ಎಂದ ಕಲಂದರ್. ನೆಲ ನೋಡುತ್ತಿದ್ದ. "ಮಂಗಳೂರಿನ ಡಾಕ್ಟರು ಮದುವೆಗೆ ಮೊದಲೇ ಹೇಳಿದ್ದರು, ನನಗೆ ಗೊತ್ತಿತ್ತು. ಮೋಸ ಮಾಡಿದೆ."

"ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ತನ್ನ ಎರಡೂ ಕೈಗಳನ್ನು ಮಡಿಲಿನ ಮೇಲೆ ಅಂಗಾತ ಇಟ್ಟುಕೊಂಡಳು. "ಕಾಯಿಲೆ ಅಲ್ಲಾಹು ಕೊಟ್ಟದ್ದು. ಅದಕ್ಕೆ ನಿಮ್ಮನ್ನು ಎಂತ ಕೇಳುದು? ಆದರೆ ಆ ಮಾತು ಉಂಟಲ್ಲ, ನನ್ನ ಕೈಯ ಮಾತು. ಅದನ್ನು ನೀವು ಕೊಟ್ಟದ್ದು. ಅಷ್ಟು ಜನರ ಎದುರು. ನಾನು ಬಾವಿಕಟ್ಟೆಯಲ್ಲಿ ಕೂತು ಕೈ ಉಜ್ಜುವಾಗ ನಿಮಗೆ ಅಸಹ್ಯ ಆಯಿತು ಅಂತ ಅಳುತ್ತಾ ಇದ್ದೆ. ನನ್ನ ಮೈಯೇ ನನಗೆ ಬೇಡ ಅನ್ನಿಸಿತ್ತು. ಗೊತ್ತುಂಟಾ ನಿಮಗೆ?"

ಕಲಂದರ್ ನೆಲದ ಮೇಲೆ, ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ನಡುವೆ ಕುಳಿತುಬಿಟ್ಟ. "ಆ ವಾಸನೆಗೆ ನಾನು ಬಸ್ಸು ಹತ್ತಿ ಬರುತ್ತಿದ್ದೆ ನೆಬೀಸಾ," ಎಂದ. "ವಾರವಿಡೀ ಅದನ್ನೇ ನೆನೆಸುತ್ತಿದ್ದೆ. ನನಗೆ ನನ್ನ ಮೇಲೆ ನಾಚಿಕೆ. ಅದನ್ನು ತೆಗೆದು ನಿನ್ನ ಮೇಲೆ ಹಾಕಿದೆ."

ಅವನಲ್ಲಿ ಹೇಳುವುದು ಇನ್ನೂ ಒಂದಿತ್ತು. ಅದನ್ನೂ ಉಳಿಸಿಕೊಳ್ಳಬಾರದು ಎಂದು ಅವನಿಗೆ ಅನ್ನಿಸಿತು.

"ಇನ್ನೊಂದು ಉಂಟು. ಮೊದಲು ನಿಮ್ಮಲ್ಲಿಗೆ ನೀರಿಗೆ ಬಂದದ್ದು... ಅದು ನಿನ್ನನ್ನು ನೋಡಲಿಕ್ಕೆ ಅಲ್ಲ. ಈ ಕಾಯಿಲೆಯ ಬಾಯಾರಿಕೆಯೇ ಅದು."

ನೆಬೀಸಳ ಕಣ್ಣು ಅಗಲವಾಯಿತು. ಕೆನ್ನೆಗೆ ನಿಧಾನವಾಗಿ ರಕ್ತ ಏರಿತು. "ಅಂದರೆ ನಾನು ಕಿಟಕಿಯ ಹಿಂದೆ ನಿಂತು ಅಷ್ಟು ನಾಚಿದ್ದು ಸುಮ್ಮನೆಯಾ? ಇಡೀ ಕಬಕಕ್ಕೆ ಹೇಳಿದ್ದೇನಲ್ಲ ನಾನು, ನನಗಾಗಿ ಬರುತ್ತಾರೆ ಅಂತ!"

"ಮೊದಲ ಸಲ ಮಾತ್ರ ನೀರಿಗೆ," ಎಂದ ಅವನು ಗಾಬರಿಯಿಂದ. "ಆಮೇಲೆ ನೀರೂ ಬೇಕಿತ್ತು, ನೀನೂ ಬೇಕಿತ್ತು. ಯಾವುದು ಎಷ್ಟು ಅಂತ ನನಗೇ ಗೊತ್ತಾಗುತ್ತಿರಲಿಲ್ಲ."

ಅವಳು ಮುಖ ತಿರುಗಿಸಿದಳು. ಹೆಗಲು ಅಲುಗಿತು. ಅಳುತ್ತಿದ್ದಾಳೆಂದು ಅವನು ಹೆದರಿದ. ಅರ್ಧ ಅಳು, ಅರ್ಧ ನಗು ಅದು. ಕಣ್ಣೊರೆಸಿಕೊಂಡು ಎದ್ದವಳು, "ಆ ಮಂಗಳೂರಿನ ಡಾಕ್ಟರು ಹಣ್ಣು ತಿನ್ನಲೇಬಾರದು ಅಂತ ಹೇಳಿದ್ದಾರಾ?" ಎಂದು ಕೇಳಿದಳು.

ಅವನು ತಲೆ ಕೆರೆದುಕೊಂಡ. "ಹೇಳುವ ಮೊದಲೇ ನಾನು ಓಡಿಬಂದೆ."

"ಓಡಿಬಂದ್ರಾ? ಯಾಕೆ?"

"ಊರಿನವರು ಒಬ್ಬರು ಬಂದ್ರು."

ನೆಬೀಸಳ ಸಿಟ್ಟು ಇನ್ನೂ ಹೋಗಿರಲಿಲ್ಲ. ಆದರೂ ಬಾಗಿಲಿಗೆ ಹೋಗಿ ರಸ್ತೆಯಾಚೆಗೆ ಕೂಗಿದಳು. "ಉಪ್ಪಾ, ನೀವು ಮನೆಗೆ ಹೋಗಿ. ನಾವು ಪುತ್ತೂರಿಗೆ ಹೋಗಿ ಬರುತ್ತೇವೆ."

ಪುತ್ತೂರಿನ ಪರಮೇಶ್ವರ ಡಾಕ್ಟರು ವಯಸ್ಸಾದವರು, ಗಟ್ಟಿಯಾಗಿ ಮಾತಾಡುವವರು. ಅಷ್ಟು ಜನ ಕಾಯುತ್ತಿದ್ದ ಜಗಲಿಗೆ ಕೇಳುವಂತೆ, "ಮೂತ್ರ ತಂದಿದ್ದೀಯಾ?" ಎಂದರು. ಕಲಂದರನ ಕತ್ತು ಬಗ್ಗಿತು. ಅವನ ಕೈಯ ಸೀಸೆಯನ್ನು ನೆಬೀಸ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟಳು. ದ್ರಾವಣ ಕುದಿದು ಕೆಂಪಾದಾಗ ಅವನು ಗೋಡೆಯ ಕಡೆ ನೋಡುತ್ತಿದ್ದ. ಅವಳು ಮಾತ್ರ ಕಣ್ಣು ಕೀಳದೆ ಬಣ್ಣವನ್ನೇ ನೋಡಿದಳು.

"ಇದು ನೀಲಿಯಾಗಿಯೇ ಉಳಿಯಬೇಕಾ?"

"ಹೌದು. ಆದರೆ ಒಂದೇ ದಿನದಲ್ಲಿ ಆಗುವುದಲ್ಲ. ಮಾತ್ರೆ ತಪ್ಪಿಸಬಾರದು."

"ಹಣ್ಣು ತಿನ್ನಬಹುದಾ ಇವರು?"

ಡಾಕ್ಟರು ಕನ್ನಡಕ ಮೇಲಕ್ಕೆ ಸರಿಸಿದರು. "ಯಾರು ಬೇಡ ಅಂದದ್ದು? ಒಂದು ಸಲಕ್ಕೆ ಒಂದು ಬಗೆ, ಸ್ವಲ್ಪ. ರಸ ಹಿಂಡಿ ಕುಡಿಯಬಾರದು, ಕಡಿದು ತಿನ್ನಬೇಕು, ನಾರು ಹೊಟ್ಟೆಗೆ ಹೋಗಬೇಕು. ಪೇರಳೆ ಒಳ್ಳೆಯದು. ನೇರಳೆ, ಚಕ್ಕೋತ ಆಗಬಹುದು. ಪಪ್ಪಾಯಿ ಒಂದು ಹೋಳು. ಮಾವು, ಹಲಸು, ಬಾಳೆಹಣ್ಣು ಆಸೆಗೆ ಒಂದಿಷ್ಟೇ, ಅದೂ ಆ ಹೊತ್ತಿನ ಅನ್ನ ಕಡಿಮೆ ಮಾಡಿ. ಹಣ್ಣು ಮದ್ದಲ್ಲ, ತಿಳಿಯಿತಾ? ಊಟದ ಲೆಕ್ಕಕ್ಕೇ ಸೇರುತ್ತದೆ." ಮತ್ತೆ ಕಲಂದರನ ಕಡೆ ತಿರುಗಿ, "ಇಷ್ಟು ಕೇಳಲು ಹೆಂಡತಿ ಬೇಕಾಯಿತಾ ನಿನಗೆ?" ಎಂದರು.

ಹೊರಗೆ ಬಂದ ಮೇಲೆ ಕಲಂದರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಷ್ಟು ತಿಂಗಳ ಸುಳ್ಳು, ಅವಳ ಬಿರಿದ ಕೈ, ಎಲ್ಲದಕ್ಕೂ ಕಾರಣ ತಾನು ಕೇಳದೆ ಎದ್ದುಬಂದ ಆ ಒಂದು ಗಳಿಗೆ.

ಪಾತು ಸುಲಭಕ್ಕೆ ಒಲಿಯಲಿಲ್ಲ. ಹಲವು ವಾರ ಅವನೊಂದಿಗೆ ಮಾತು ಬಿಟ್ಟಳು. ಅವನು ಆದರೂ ಪ್ರತಿ ಗುರುವಾರ ಹೋದ, ಮಾತ್ರೆಯ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಕಿಟಕಿಯಲ್ಲಿ ಇಟ್ಟ. ಮಳೆ ಹಿಡಿದು ಬಿಟ್ಟ ಮೇಲೆ ಒಂದು ದಿನ ಊಟದ ಹೊತ್ತಿಗೆ ಪಾತು ಮಾತಾಡದೆಯೇ ಅವನ ತಾಟಿನಿಂದ ಅರ್ಧ ಅನ್ನ ಹಿಂದೆ ತೆಗೆದಳು. ನೆಬೀಸ ಪೇರಳೆಯನ್ನು ಹೋಳು ಮಾಡಿ, ತುಸು ಉಪ್ಪು ಮೆಣಸು ಸವರಿ ಇಟ್ಟಳು. ಅವನು ಎಲ್ಲರೆದುರು ಒಂದು ಹೋಳು ಕಚ್ಚಿದ. ಕರುಕ್ ಎಂದಿತು. ಕಣ್ಣಲ್ಲಿ ನೀರು ಬಂದದ್ದು ಮೆಣಸಿಗೆ ಎಂದು ಹೇಳಿದ. ಯಾರೂ ನಂಬಲಿಲ್ಲ.

ಆದರೂ ಮನೆಯ ಹೊರಗೆ ಅವನಿಗೆ ಆ ಕಾಯಿಲೆಯ ಹೆಸರು ಹೇಳಲು ಬಾಯಿ ಬರುತ್ತಿರಲಿಲ್ಲ. ನೆಬೀಸ ಒತ್ತಾಯಿಸಲಿಲ್ಲ.

ಬೆಟ್ಟಂಪಾಡಿಯಲ್ಲಿ ಅವಳ ಕಡೆಯ ಒಂದು ಮದುವೆ. ದೊಡ್ಡ ಹರಿವಾಣದ ಸುತ್ತ ಗಂಡಸರು ಕುಳಿತು ಒಟ್ಟಿಗೆ ಉಣ್ಣುತ್ತಿದ್ದರು. ಕೊನೆಗೆ ಸಕ್ಕರೆ ಪಾಕದ ಸಿಹಿ ಬಂತು. ಬಡಿಸುವವನು ಕಲಂದರನ ಮುಂದೆ ಹಿಡಿದ. ಅವನು ಬೇಡ ಎಂದ.

"ಹಾಗೆಂದರೆ ಹೇಗೆ? ಕಬಕದ ಅಳಿಯ ನಮ್ಮ ಸಿಹಿ ಮುಟ್ಟುದಿಲ್ಲವಾ?"

ಎಲ್ಲರೂ ತಿರುಗಿ ನೋಡಿದರು. ಹಲ್ಲುನೋವಿನ ಹಳೆಯ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಕಲಂದರ್ ಅದನ್ನು ನುಂಗಿದ.

"ನನಗೆ ಸಕ್ಕರೆ ಕಾಯಿಲೆ ಉಂಟು," ಎಂದ.

ಒಬ್ಬ ಹುಬ್ಬೇರಿಸಿದ. ಇನ್ನೊಬ್ಬ ಕೂತಲ್ಲಿಂದ ಸ್ವಲ್ಪ ಸರಿದ. ಕಲಂದರನ ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಬಡಿಸುವವನು ಮುಂದೆ ಹೋದ. ಆಗ ಪಕ್ಕದಲ್ಲಿದ್ದ ನರೆಗಡ್ಡದ ಮುದುಕರು, ತಮ್ಮ ಮುಂದೆ ಬಿದ್ದ ಸಿಹಿಯನ್ನು ಮುಟ್ಟದೆ, ಅವನ ಕಿವಿಯ ಹತ್ತಿರ ಬಗ್ಗಿದರು.

"ನನಗೂ ಉಂಟು ಮಾರಾಯ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹಣ್ಣು ಗಿಣ್ಣು ತಿನ್ನಬಹುದಾ ನಾವು?"

"ತಿನ್ನಬಹುದು," ಎಂದ ಕಲಂದರ್. "ಯಾವುದು ಎಷ್ಟು ಅಂತ ನನ್ನ ಹೆಂಡತಿಗೆ ಸರಿಯಾಗಿ ಗೊತ್ತುಂಟು. ಕೇಳಿ ಹೇಳುತ್ತೇನೆ. ಆದರೆ ನೀವು ಡಾಕ್ಟರ ಹತ್ತಿರ ಹೋಗಿ. ಅವರು ಮಾತು ಮುಗಿಸುವವರೆಗೆ ಎದ್ದು ಬರಬೇಡಿ."

ಸಂಜೆಯ ಬಿಸಿಲಿನಲ್ಲಿ ಇಬ್ಬರೂ ಬಸ್ಸಿನ ರಸ್ತೆಯ ಕಡೆ ನಡೆದರು. ಅವಳು ಎಂದಿನಂತೆ ನಾಲ್ಕು ಹೆಜ್ಜೆ ಹಿಂದೆ. ಅವನು ನಡೆದದ್ದನ್ನೆಲ್ಲ ಹೇಳಿದ. ಹಿಂದಿನಿಂದ ಹೆಜ್ಜೆಯ ಸದ್ದು ನಿಂತಿತು. ತಿರುಗಿದರೆ ಅವಳು ರಸ್ತೆಯ ಮಧ್ಯೆ ನಿಂತಿದ್ದಳು.

"ಎಲ್ಲರ ಎದುರು ಹೇಳಿದ್ರಾ?"

"ಹೇಳಿದೆ."

"ನಾಚಿಕೆ ಆಗಲಿಲ್ಲವಾ?"

"ಆಯಿತು. ಈಗಲೂ ಆಗುತ್ತಾ ಉಂಟು."

ಅವಳು ಹತ್ತಿರ ಬಂದು ಅವನ ಪಕ್ಕಕ್ಕೆ ನಿಂತಳು. ಎದುರಿನಿಂದ ಮದುವೆಗೆ ಹೊರಟ ಜನ ಬರುತ್ತಿದ್ದರು. ಅವರು ನೋಡುತ್ತಿರುವಾಗಲೇ ಅವನ ತೋಳನ್ನು ಹಿಡಿದುಕೊಂಡಳು.

"ನನಗೂ ಆಗುತ್ತಾ ಉಂಟು," ಎಂದಳು, ತಲೆ ತಗ್ಗಿಸಿ. ಆದರೆ ಜನ ಹಾದು ಹೋಗುವವರೆಗೂ ಕೈ ಬಿಡಲಿಲ್ಲ.